ಮುಂದಿನ ಹಲ್ಲಿನ ಕಲೆಗೆ ಕ್ಯಾಪ್ ಹಾಕಿಸುವ ಮುಂಚೆ ಇದನ್ನು ಓದಿ

"ಡಾಕ್ಟ್ರೇ, ಮಗಳ ಲಗ್ನ ಗೊತ್ತಾಗ್ಯಾದ್ರಿ. ಮುಂದಿನ ನಾಕು ಹಲ್ಲಿಗಿ ಕ್ಯಾಪ್ ಹಾಕಿಬಿಡ್ರಿ."

ಕಲಬುರಗಿಯಲ್ಲಿ ಹಲ್ಲು ನೋಡುವ ಕೆಲಸ ನನ್ನದು. ಲಗ್ನದ ಸೀಸನ್ ಬಂತೆಂದರೆ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾಳೆ. ಕೈ ತೆಗೆಸಿ ನೋಡಿದರೆ ಬಹಳ ಸಲ ಹಲ್ಲು ಗಟ್ಟಿಯಾಗೇ ಇರುತ್ತದೆ. ಮೇಲೆ ಸುಣ್ಣ ತಾಗಿದಂಥ ಬಿಳಿ ಪಟ್ಟೆ, ನಡುವೆ ಸ್ವಲ್ಪ ಕಂದು ಬಣ್ಣ, ಅಷ್ಟೇ.

ಕ್ಯಾಪ್ ಕೂರಿಸಬೇಕೆಂದರೆ ಹಲ್ಲನ್ನು ಸುತ್ತಲೂ ಅರೆಯಬೇಕು. ಹೊರಗೆ ಕಾಣುವ ಹಲ್ಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪುಡಿಯಾಗಿ ಹೋಗುತ್ತದೆ. ಅದು ಮತ್ತೆ ಬೆಳೆಯುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಹಲ್ಲಿನೊಳಗೆ ನರ ಇರುವ ಜಾಗ ದೊಡ್ಡದು. ಅರೆಯುವಾಗ ನರಕ್ಕೆ ಪೆಟ್ಟಾದರೆ ರೂಟ್ ಕೆನಾಲ್‌ಗೆ ಹೋಗಬೇಕಾಗುತ್ತದೆ. ಕ್ಯಾಪ್ ಕೂಡ ಸಾಯೋ ತನಕ ಬಾಳುವುದಿಲ್ಲ. ಇಪ್ಪತ್ತಕ್ಕೆ ಹಾಕಿಸಿದವರು ಜೀವನದಲ್ಲಿ ಎರಡು ಮೂರು ಸಲವಾದರೂ ಬದಲಾಯಿಸಬೇಕು.

ಹಲ್ಲು ಅರೆಯದೆ, ಅಥವಾ ಕೂದಲೆಳೆಯಷ್ಟು ಮಾತ್ರ ತೆಗೆದು, ಕಲೆ ಇಳಿಸುವ ದಾರಿಗಳಿವೆ. ಅವನ್ನು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಹತ್ತಬೇಕು. ಯಾವ ಮೆಟ್ಟಿಲಲ್ಲಿ ನಿಮಗೆ ಸಮಾಧಾನವಾಯಿತೋ ಅಲ್ಲೇ ನಿಲ್ಲಬೇಕು. ಆ ಮೆಟ್ಟಿಲುಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಎರಡು ಪದ

ಹಲ್ಲಿನ ಹೊರಗಿನ ಗಟ್ಟಿ ಪದರಕ್ಕೆ ಎನಾಮಲ್ ಎನ್ನುತ್ತೇವೆ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ. ಅದರ ಕೆಳಗಿನ ಹಳದಿ ಬಣ್ಣದ, ಸ್ವಲ್ಪ ಮೆತ್ತಗಿನ ಪದರ ಡೆಂಟಿನ್. ಬಾಯಿಗೆ ಬರುವ ಮುಂಚೆ, ದವಡೆಯ ಒಳಗೆ ಹಲ್ಲು ತಯಾರಾಗುವ ಕಾಲದಲ್ಲಿ ಏನಾದರೂ ತೊಂದರೆಯಾದರೆ ಎನಾಮಲ್‌ನಲ್ಲಿ ಖನಿಜ ಕಡಿಮೆ ಬೀಳುತ್ತದೆ. ಒಳಗೆ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಆ ತೂತುಗಳೇ ನಮಗೆ ಬಿಳಿ ಕಲೆಯಾಗಿ ಕಾಣುವುದು. ಚಹಾ, ಅರಿಶಿನದ ಬಣ್ಣ ಅದರೊಳಗೆ ಇಳಿದ ಮೇಲೆ ಕಂದಾಗುತ್ತದೆ. ಮುಂದಿನ ಶಾಶ್ವತ ಹಲ್ಲುಗಳ ಎನಾಮಲ್ ಮಗುವಿಗೆ ಮೂರ್ನಾಲ್ಕು ತಿಂಗಳಿದ್ದಾಗ ಶುರುವಾಗಿ ನಾಲ್ಕೈದು ವರ್ಷದ ಹೊತ್ತಿಗೆ ಮುಗಿಯುತ್ತದೆ. ಅಂದರೆ ಇವತ್ತು ಕಾಣುವ ಕಲೆ ಆಗ ಆದದ್ದು. ಬ್ರಷ್ ಸರಿಯಾಗಿ ಮಾಡಲಿಲ್ಲ ಅಂತ ಮಗುವನ್ನು ಬೈಯಬೇಡಿ.

1. ಕಲೆ ಯಾವ ಜಾತಿಯದು ಅಂತ ಗುರುತಿಸಿ

ಎಲ್ಲಕ್ಕಿಂತ ಮುಖ್ಯವಾದ ಮೆಟ್ಟಿಲು ಇದು. ಇದನ್ನು ಬಿಟ್ಟು ಮುಂದೆ ಹೋದವರೇ ದುಡ್ಡು ಕಳೆದುಕೊಳ್ಳುವುದು. ಬೆಳಗ್ಗೆ ಕಿಟಕಿ ಹತ್ತಿರ ಕನ್ನಡಿ ಹಿಡಿದು ನಿಲ್ಲಿ. ಟ್ಯೂಬ್‌ಲೈಟ್ ಬೇಡ. ಹಲ್ಲು ಒದ್ದೆ ಇದ್ದಾಗ ಒಮ್ಮೆ ನೋಡಿ, ತುಟಿ ಎತ್ತಿ ಹಿಡಿದು ಒಣಗಿಸಿ ಮತ್ತೊಮ್ಮೆ ನೋಡಿ. ಒಣಗಿದಾಗ ಬಿಳಿ ಕಲೆ ಎದ್ದು ಕಾಣುತ್ತದೆ. ಬಾಯಿ ತೆರೆದು ಮಲಗುವವರಿಗೆ ಎದ್ದ ಕೂಡಲೇ ಕಲೆ ಜಾಸ್ತಿ ಅನ್ನಿಸಿ, ಚಹಾ ಕುಡಿಯುವ ಹೊತ್ತಿಗೆ ಕಡಿಮೆಯಾದಂತೆ ಕಾಣುವುದು ಇದಕ್ಕೇ.

ಎಡಗಡೆ ಹಲ್ಲಿನಲ್ಲಿ ಇದ್ದ ಹಾಗೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇದ್ದು, ಅಡ್ಡಡ್ಡ ಬಿಳಿ ಗೆರೆ, ಮೋಡದಂಥ ಮಬ್ಬು, ಅಂಚು ಎಲ್ಲಿ ಮುಗಿಯಿತು ಅಂತ ಗೊತ್ತಾಗದಂತಿದ್ದರೆ ಅದು ಬಹುಪಾಲು ಫ್ಲೋರೋಸಿಸ್. ಚಿಕ್ಕಂದಿನಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಅನ್ನುವ ಲವಣ ಜಾಸ್ತಿ ಇದ್ದುದರಿಂದ ಆದದ್ದು. ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಬರುವವರಲ್ಲಿ ನಾನು ಇದನ್ನು ನೋಡುತ್ತಲೇ ಇರುತ್ತೇನೆ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ ಇದೆಯಲ್ವಾ, ಅಂಥ ಗ್ರಾನೈಟ್ ಜಾತಿಯ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ನೀರು ಆ ಕಲ್ಲಿನ ಜೊತೆ ಹೆಚ್ಚು ಕಾಲ ಇದ್ದು ಬಂದಿರುತ್ತದೆ.

ಒಂದು ಹಲ್ಲಿನಲ್ಲಿದೆ, ಪಕ್ಕದ್ದರಲ್ಲಿ ಇಲ್ಲ. ಅಂಚು ಗೀಟು ಎಳೆದಂತೆ ಸ್ಪಷ್ಟ. ಬಣ್ಣ ಕೆನೆ, ಹಳದಿ ಅಥವಾ ಕಂದು. ಜೊತೆಗೆ ಆರನೇ ವಯಸ್ಸಿಗೆ ಬಂದ ದೊಡ್ಡ ದವಡೆ ಹಲ್ಲಿನಲ್ಲೂ ಅಂಥದೇ ಕಲೆ, ಇಲ್ಲವೇ ಅಂಚು ಪುಡಿ ಪುಡಿ. ಹೀಗಿದ್ದರೆ ಅದಕ್ಕೆ ಎಂಐಎಚ್ ಎನ್ನುತ್ತಾರೆ. ದವಡೆ ಹಲ್ಲು ಮತ್ತು ಬಾಚಿ ಹಲ್ಲಿನ ಎನಾಮಲ್ ಗಟ್ಟಿಯಾಗದೆ ಉಳಿಯುವ ತೊಂದರೆ ಇದು. ಈ ಹೆಸರು ಬಂದದ್ದೇ 2001ರಲ್ಲಿ. ಇದರಲ್ಲಿ ಎನಾಮಲ್ ನಿಜವಾಗಲೂ ಸೀಮೆಸುಣ್ಣದಂತೆ ಮೆತ್ತಗಿರುತ್ತದೆ. ತಣ್ಣೀರು ಕುಡಿದರೆ ಮಗು ಮುಖ ಕಿವಿಚುತ್ತದೆ, ಆ ಕಡೆ ಬ್ರಷ್ ಹಾಕಗೊಡುವುದಿಲ್ಲ. ಅದನ್ನು ಹಟ ಅಂದುಕೊಳ್ಳಬೇಡಿ. ನಿಜವಾಗಿ ನೋಯುತ್ತದೆ.

ಒಂದೇ ಒಂದು ಹಲ್ಲಿನಲ್ಲಿ ಕಲೆ ಇದ್ದರೆ, ಹಾಲು ಹಲ್ಲಿದ್ದಾಗ ಮಗು ಬಿದ್ದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಒಸಡಿನ ಅಂಚಿಗೆ ಅಥವಾ ಹಲ್ಲಿನ ಕ್ಲಿಪ್ ಅಂಟಿಸಿದ್ದ ಜಾಗದ ಸುತ್ತ ಬಿಳಿ ಬಂದಿದ್ದರೆ ಅದು ಹುಳುಕಿನ ಶುರು. ಇಡೀ ಹಲ್ಲು ಬೂದು ಪಟ್ಟೆಯಾಗಿದ್ದರೆ ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಔಷಧಿ ಕೊಟ್ಟಿರಬಹುದು. ಆ ಬಣ್ಣ ಡೆಂಟಿನ್‌ನಲ್ಲಿ ಕೂತಿರುತ್ತದೆ, ಮೇಲಿನ ಚಿಕಿತ್ಸೆಗೆ ಸುಲಭಕ್ಕೆ ಬಗ್ಗುವುದಿಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಈ ಮಾಹಿತಿ ಒಯ್ಯಿರಿ: ಹುಟ್ಟಿದಾಗಿನಿಂದ ಎಂಟು ವರ್ಷದ ತನಕ ಯಾವ ಊರು, ಯಾವ ನೀರು, ಮೊದಲ ಮೂರು ವರ್ಷದಲ್ಲಿ ದೊಡ್ಡ ಜ್ವರ, ಕಾಯಿಲೆ, ಈಗ ತೆಗೆದುಕೊಳ್ಳುವ ಮಾತ್ರೆ, ಹಾಲಿನ ಅಲರ್ಜಿ. ಅವ್ವನನ್ನು ಕರೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಇವೆಲ್ಲ ಅವರಿಗೇ ನೆನಪಿರುವುದು.

2. ಮೊದಲು ಸ್ವಚ್ಛ ಮಾಡಿಸಿ

ಗುಟ್ಕಾ, ಎಲೆ ಅಡಿಕೆ, ಮಿಶ್ರಿ, ಚಹಾದ ಕರೆ ಹಲ್ಲಿನ ಮೇಲೆ ಕೂತಿರುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಬಾಯಿ ಮುಕ್ಕಳಿಸುವ ಔಷಧಿಯನ್ನು ವಾರಗಟ್ಟಲೆ ಬಳಸಿದರೂ ಕಂದು ಬರುತ್ತದೆ. ಸ್ಕೇಲಿಂಗ್ (ಹಲ್ಲಿನ ಮೇಲಿನ ಕೊಳೆ ಕೆರೆದು ತೆಗೆಯುವುದು) ಮತ್ತು ಪಾಲಿಶ್ ಮಾಡಿಸಿದರೆ ಇದೆಲ್ಲ ಹೋಗುತ್ತದೆ. ಉಳಿದದ್ದೇ ನಿಜವಾದ ಕಲೆ. ಇದಾದ ಮೇಲೆ "ಸಾಕು" ಅಂತ ಎದ್ದು ಹೋದವರನ್ನು ನಾನು ನೋಡಿದ್ದೇನೆ.

ಎಚ್ಚರ: ನಿಂಬೆಹಣ್ಣು ತಿಕ್ಕುವುದು, ಅಡುಗೆ ಸೋಡಾ, ಇದ್ದಿಲು, ಇಟ್ಟಿಗೆ ಪುಡಿ ಯಾವುದೂ ಬೇಡ. ಮೊದಲೇ ಖನಿಜ ಕಡಿಮೆ ಇರುವ ಎನಾಮಲ್ ಅದು, ಸವೆದು ಹೋಗುತ್ತದೆ. ಸಂತೆ, ಜಾತ್ರೆಯಲ್ಲಿ ಹತ್ತಿಗೆ ಔಷಧಿ ಅದ್ದಿ ಐದು ನಿಮಿಷದಲ್ಲಿ ಹಲ್ಲು ಬೆಳ್ಳಗೆ ಮಾಡಿಕೊಡುವವರ ಮುಂದೆ ದಯವಿಟ್ಟು ಕೂರಬೇಡಿ. ಸೀಸೆಯಲ್ಲಿರುವುದು ಹೆಚ್ಚಾಗಿ ಆಸಿಡ್. ಅವತ್ತು ಬೆಳ್ಳಗೆ ಕಾಣುತ್ತದೆ. ಆಮೇಲೆ ಹಲ್ಲು ಜುಮ್ಮೆನ್ನುವುದಕ್ಕೆ ಶುರುವಾಗುತ್ತದೆ, ಒರಟಾದ ಹಲ್ಲು ಮತ್ತೆ ಬೇಗ ಕರೆಗಟ್ಟುತ್ತದೆ.

3. ಎನಾಮಲ್ ಗಟ್ಟಿ ಮಾಡಿ

ಬಣ್ಣದ ಕೆಲಸಕ್ಕೆ ಕೈ ಹಾಕುವ ಮುಂಚೆ ಹಲ್ಲಿಗೆ ಖನಿಜ ತುಂಬಬೇಕು. ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟ್. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಆಸುಪಾಸು ಇದೆಯಾ ಅಂತ ಓದಿ.

"ಫ್ಲೋರೈಡಿನಿಂದಲೇ ಕಲೆ ಬಂದದ್ದು, ಮತ್ತೆ ಅದೇ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಕಲೆ ಬರುವುದು ಹಲ್ಲು ದವಡೆಯೊಳಗೆ ತಯಾರಾಗುತ್ತಿರುವಾಗ ಫ್ಲೋರೈಡ್ ಹೊಟ್ಟೆಗೆ ಹೋದರೆ. ಹಲ್ಲು ಪೂರ್ತಿ ತಯಾರಾಗಿ ಬಾಯಿಗೆ ಬಂದ ಮೇಲೆ ಹೊರಗಿಂದ ಹಚ್ಚಿದ ಫ್ಲೋರೈಡ್ ಅದನ್ನು ಗಟ್ಟಿ ಮಾಡುತ್ತದೆ, ಕಲೆ ಮಾಡುವುದಿಲ್ಲ. ಆದರೆ ಚಿಕ್ಕ ಮಕ್ಕಳು ಪೇಸ್ಟ್ ನುಂಗುತ್ತಾರೆ. ಮೂರು ವರ್ಷದೊಳಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಯಷ್ಟು, ಅದೂ ನೀವು ಪಕ್ಕದಲ್ಲಿ ನಿಂತು ಉಗುಳಿಸಬೇಕು. ನಿಮ್ಮೂರ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇದ್ದರೆ ಈ ವಯಸ್ಸಿನವರಿಗೆ ಯಾವ ಪೇಸ್ಟ್ ಅಂತ ಡಾಕ್ಟರನ್ನು ಕೇಳಿಯೇ ಕೊಡಿ.

ಜುಮ್ಮೆನ್ನುವ ಹಲ್ಲಿಗೆ ಕ್ಲಿನಿಕ್ಕಿನಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಅಂಟಿನಂಥದ್ದು, ಎರಡು ನಿಮಿಷದ ಕೆಲಸ. ಅವತ್ತು ಬಿಸಿ ಮತ್ತು ಗಟ್ಟಿ ಪದಾರ್ಥ ಬಿಡಬೇಕು. ಹಾಲಿನ ಪ್ರೋಟೀನಿನಿಂದ ಮಾಡಿದ, ಕ್ಯಾಲ್ಸಿಯಂ ಫಾಸ್ಫೇಟ್ ಇರುವ ಕ್ರೀಮ್ ಕೂಡ ಸಿಗುತ್ತದೆ. ಟೂತ್ ಮೂಸ್ ಅಂಥದ್ದು. ಹಾಲಿನ ಅಲರ್ಜಿ ಇದ್ದವರು ಮುಟ್ಟಬಾರದು. ಇವುಗಳಿಂದ ಹಳೆಯ ಫ್ಲೋರೋಸಿಸ್ ಕಲೆ ಮಾಯವಾಗುವುದಿಲ್ಲ. ಕ್ಲಿಪ್ ತೆಗೆದ ಮೇಲೆ ಹೊಸದಾಗಿ ಕಂಡ ಬಿಳಿ ಕಲೆಗೆ ಮಾತ್ರ ಕೆಲವು ತಿಂಗಳು ಕಾದರೆ ಒಳ್ಳೆ ಗುಣ ಕಾಣುತ್ತದೆ.

ಪುಂಡಿಪಲ್ಯ, ಹುಣಸೆ, ನಿಂಬೆ ಸೋಡಾ ಮುಂತಾದ ಹುಳಿ ತಿಂದ ಕೂಡಲೇ ಬ್ರಷ್ ಮಾಡಬೇಡಿ. ನೀರು ಮುಕ್ಕಳಿಸಿ ಅರ್ಧ ಗಂಟೆ ಬಿಡಿ.

4. ಬ್ಲೀಚಿಂಗ್

ಕಂದು, ಹಳದಿ ಜಾಸ್ತಿ ಇದ್ದರೆ ಇದು. ನಿಮ್ಮ ಹಲ್ಲಿನ ಅಳತೆ ತೆಗೆದು ತೆಳ್ಳಗಿನ ಪ್ಲಾಸ್ಟಿಕ್ ಟ್ರೇ ಮಾಡಿಕೊಡುತ್ತಾರೆ. ಅದರಲ್ಲಿ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಒಂದೊಂದು ಹನಿ ಹಾಕಿ, ಡಾಕ್ಟರ್ ಹೇಳಿದಷ್ಟು ಹೊತ್ತು ಅಥವಾ ರಾತ್ರಿಯಿಡೀ ಹಾಕಿಕೊಳ್ಳಬೇಕು. ಎರಡರಿಂದ ನಾಲ್ಕು ವಾರ ಬೇಕು. ಹಲ್ಲು ಒಂಚೂರೂ ಅರೆಯುವುದಿಲ್ಲ.

ಬಿಳಿ ಕಲೆ ಇದರಿಂದ ಹೋಗುವುದಿಲ್ಲ. ಸುತ್ತಲಿನ ಹಲ್ಲು ಬೆಳ್ಳಗಾಗಿ ಕಲೆ ಅದರಲ್ಲಿ ಬೆರೆತಂತೆ ಕಾಣುತ್ತದೆ, ಅಷ್ಟೇ. ಮೊದಲ ವಾರ ಕಲೆ ಇನ್ನೂ ಜಾಸ್ತಿಯಾದಂತೆ ಅನ್ನಿಸುವುದೂ ಉಂಟು. ಗಾಬರಿಯಾಗಿ ಅಲ್ಲೇ ಬಿಟ್ಟುಬಿಡುವವರು ಬಹಳ ಜನ. ಬಿಡಬೇಡಿ. ಜುಮ್ಮೆಂದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿ. ಆ ದಿನಗಳಲ್ಲಿ ಚಹಾ, ಅರಿಶಿನ ಕಡಿಮೆ ಮಾಡಿ. ರೊಟ್ಟಿ, ಮೊಸರು, ಅನ್ನ ನಡೆಯುತ್ತದೆ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಬೇಡ. ಮಕ್ಕಳಿಗೆ ಡಾಕ್ಟರ್ ಬೇಕೇಬೇಕು ಅಂದರೆ ಮಾತ್ರ. ಮುಂದಿನ ಹಲ್ಲಿನಲ್ಲಿ ಮೊದಲೇ ಫಿಲ್ಲಿಂಗ್ ಇದ್ದರೆ ಅದರ ಬಣ್ಣ ಬದಲಾಗುವುದಿಲ್ಲ, ನೆನಪಿರಲಿ.

ಬ್ಲೀಚಿಂಗ್ ಮುಗಿದ ಮೇಲೆ, ಮುಂದೆ ಹೇಳುವ ರೆಸಿನ್, ಫಿಲ್ಲಿಂಗ್‌ನಂಥ ಅಂಟಿಸುವ ಕೆಲಸಕ್ಕೆ ಕನಿಷ್ಠ ಎರಡು ವಾರ ಬಿಡಬೇಕು. ಹಲ್ಲಿನೊಳಗೆ ಉಳಿದ ಆಮ್ಲಜನಕ ಹೋಗುವ ತನಕ ರೆಸಿನ್ (ಲೈಟು ಹಿಡಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ದ್ರವ) ಗಟ್ಟಿಯಾಗಿ ಹಿಡಿಯುವುದಿಲ್ಲ.

5. ಮೈಕ್ರೊಅಬ್ರೇಶನ್

ಮೇಲ್ಮೈಯ ಕಂದು ಕಲೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಲಘುವಾದ ಹೈಡ್ರೋಕ್ಲೋರಿಕ್ ಆಸಿಡ್ (ಸಿದ್ಧ ಪೇಸ್ಟಿನಲ್ಲಿ 6.6%) ಮತ್ತು ಬಹಳ ನುಣ್ಣಗಿನ ಉಜ್ಜುವ ಪುಡಿ ಸೇರಿದ ಪೇಸ್ಟನ್ನು ಮೆತ್ತಗಿನ ರಬ್ಬರ್ ಕಪ್ಪಿನಲ್ಲಿ ನಿಧಾನವಾಗಿ ತಿಕ್ಕುತ್ತಾರೆ. ಒಂದು ನಿಮಿಷ ತಿಕ್ಕು, ತೊಳಿ, ಒದ್ದೆ ಹಲ್ಲನ್ನು ನೋಡು, ಬೇಕಾದರೆ ಮತ್ತೆ ತಿಕ್ಕು. ಹೋಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಉಳಿದ ಮೇಲ್ಮೈ ಗಾಜಿನಂತೆ ನುಣ್ಣಗಾಗುತ್ತದೆ.

ಸಂತೆಯಲ್ಲಿ ಹಚ್ಚುವುದೂ ಆಸಿಡ್, ಇದೂ ಆಸಿಡ್, ಏನು ವ್ಯತ್ಯಾಸ ಅಂತ ಕೇಳಬಹುದು. ಎಷ್ಟು ಹೊತ್ತು, ಎಷ್ಟು ಆಳ ಅನ್ನುವ ಲೆಕ್ಕ ಇಲ್ಲಿರುತ್ತದೆ. ಒಸಡು, ತುಟಿಗೆ ತಾಗದಂತೆ ರಬ್ಬರ್ ಡ್ಯಾಮ್ ಅನ್ನುವ ತೆಳು ಹಾಳೆಯನ್ನು ಹಲ್ಲಿನ ಸುತ್ತ ಕಟ್ಟುತ್ತಾರೆ. ಕಣ್ಣಿಗೆ ಕನ್ನಡಕ ಹಾಕುತ್ತಾರೆ. ಈ ಎರಡೂ ಇಲ್ಲದೆ ಶುರು ಮಾಡಿದರೆ ಕೈ ಎತ್ತಿ ನಿಲ್ಲಿಸಿ. ಆಳಕ್ಕೆ ಇಳಿದ ಬಿಳಿ ಕಲೆ ಇದಕ್ಕೆ ಹೋಗುವುದಿಲ್ಲ. ಹೋಗಲಿಲ್ಲ ಅಂತ ಮತ್ತೆ ಮತ್ತೆ ತಿಕ್ಕಿಸಬಾರದು.

6. ರೆಸಿನ್ ಇನ್‌ಫಿಲ್ಟ್ರೇಶನ್

ಬಿಳಿ ಕಲೆಯವರು ಇದನ್ನು ನಿಧಾನವಾಗಿ ಓದಿ. ಮಿರ್ಚಿ ಬಜ್ಜಿ ಕಟ್ಟಿಸಿಕೊಂಡ ಪೇಪರ್ ನೋಡಿದ್ದೀರಲ್ವಾ? ಎಣ್ಣೆ ಹತ್ತಿದ ಜಾಗದಲ್ಲಿ ಪೇಪರಿನ ಬಿಳುಪು ಹೋಗಿ, ಹಿಂದಿನ ಬೆಳಕು ಕಾಣುತ್ತದೆ. ಪೇಪರ್ ಎಲ್ಲೂ ಹೋಗಿಲ್ಲ. ಅದರ ಎಳೆಗಳ ನಡುವೆ ಇದ್ದ ಗಾಳಿಯ ಜಾಗಕ್ಕೆ ಎಣ್ಣೆ ಬಂದಿದೆ. ಹಲ್ಲಿನಲ್ಲೂ ಹೀಗೆಯೇ. ಬೆಳಕು ಬಾಗುವ ಪ್ರಮಾಣ ಎನಾಮಲ್‌ನಲ್ಲಿ 1.62ರ ಹತ್ತಿರ, ನೀರಿನಲ್ಲಿ 1.33, ಗಾಳಿಯಲ್ಲಿ 1. ತೂತುಗಳಲ್ಲಿ ನೀರು, ಗಾಳಿ ಇದ್ದರೆ ಬೆಳಕು ಚದುರಿ ಬಿಳಿ ಕಾಣುತ್ತದೆ. ಅಲ್ಲಿ 1.52ರಷ್ಟಿರುವ ತೆಳ್ಳಗಿನ ರೆಸಿನ್ ತುಂಬಿದರೆ ಬೆಳಕು ಹೆಚ್ಚುಕಡಿಮೆ ನೇರ ಹಾಯುತ್ತದೆ, ಕಲೆ ಸುತ್ತಲಿನ ಬಣ್ಣದಲ್ಲಿ ಕರಗುತ್ತದೆ. ಜೊತೆಗೆ ಪೊಳ್ಳಾಗಿದ್ದ ಎನಾಮಲ್‌ಗೆ ಒಳಗಿಂದ ಆಧಾರವೂ ಸಿಗುತ್ತದೆ.

ಐಕಾನ್ ಅನ್ನುವ ಹೆಸರಿನಲ್ಲಿ ಇದರ ಕಿಟ್ ಬರುತ್ತದೆ. ಕುರ್ಚಿಯಲ್ಲಿ ನಡೆಯುವುದು ಇಷ್ಟು. ರಬ್ಬರ್ ಡ್ಯಾಮ್ ಕಟ್ಟಿ, 15% ಆಸಿಡ್ ಜೆಲ್ ಎರಡು ನಿಮಿಷ ಇಟ್ಟು ಮೇಲಿನ ಮುಚ್ಚಿದ ಪದರ ತೆರೆಯುತ್ತಾರೆ. ತೊಳೆದು ಒಣಗಿಸಿ, ಆಲ್ಕೋಹಾಲ್ ದ್ರವ ಅರ್ಧ ನಿಮಿಷ ಹಚ್ಚುತ್ತಾರೆ. ಈ ಕ್ಷಣದಲ್ಲಿ ಕಲೆ ಮಸುಕಾದರೆ ರೆಸಿನ್ ಕೂಡ ಅಲ್ಲಿಗೆ ಇಳಿಯುತ್ತದೆ ಅಂತ ಅರ್ಥ. ಮಸುಕಾಗದಿದ್ದರೆ ಆಸಿಡ್ ಇನ್ನೊಂದೆರಡು ಸಲ. ಆಮೇಲೆ ರೆಸಿನ್ ಮೂರು ನಿಮಿಷ, ನೀಲಿ ಲೈಟು 40 ಸೆಕೆಂಡ್, ಮತ್ತೆ ಒಂದು ನಿಮಿಷ ರೆಸಿನ್, ಮತ್ತೆ ಲೈಟು, ಕೊನೆಗೆ ಪಾಲಿಶ್. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ. ಹಲ್ಲು ಒದ್ದೆಯಾದರೆ ಮಾತ್ರ ಕೆಟ್ಟು ಹೋಗುತ್ತದೆ. ಅದಕ್ಕೇ ಕೂತವರು ನಾಲಿಗೆ ಆಡಿಸದೆ ಸಹಕರಿಸಬೇಕು.

ಹಲ್ಲು ಒಣಗಿರುವುದರಿಂದ ಎದ್ದ ಕೂಡಲೇ ಕಾಣುವ ಬಣ್ಣ ನಿಜವಾದದ್ದಲ್ಲ. ಒಂದೆರಡು ದಿನ ಬಿಟ್ಟು ಕನ್ನಡಿ ನೋಡಿ. ಸೌಮ್ಯ ಫ್ಲೋರೋಸಿಸ್, ಕ್ಲಿಪ್ ಕಲೆ ಚೆನ್ನಾಗಿ ಹೋಗುತ್ತದೆ. ಎಂಐಎಚ್ ಕಲೆ ಆಳದಲ್ಲಿ ಶುರುವಾಗಿರುವುದರಿಂದ ಕೆಲವರಿಗೆ ಪೂರ್ತಿ, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಇಲ್ಲ. "ನೂರಕ್ಕೆ ನೂರು ಹೋಗುತ್ತದೆ" ಅಂತ ಮೊದಲೇ ಮಾತು ಕೊಡುವವರನ್ನು ನಂಬಬೇಡಿ. ಬ್ಲೀಚಿಂಗ್ ಮಾಡಿಸುವ ಆಸೆ ಇದ್ದರೆ ಇದಕ್ಕಿಂತ ಮುಂಚೆಯೇ ಮುಗಿಸಿ.

7. ಚಕ್ಕೆ ಎದ್ದಿದ್ದರೆ ಅಷ್ಟಕ್ಕೇ ಫಿಲ್ಲಿಂಗ್

ಎನಾಮಲ್ ಕಿತ್ತು ಗುಳಿ ಬಿದ್ದಿದ್ದರೆ ಕಾಂಪೊಸಿಟ್ ಅನ್ನುವ, ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಬಹುದು. ಇಡೀ ಹಲ್ಲಿಗಲ್ಲ, ಗುಳಿಗೆ ಮಾತ್ರ. ಅಂಚು ಗಟ್ಟಿ ಎನಾಮಲ್ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಬೇಗ ಕಿತ್ತು ಬರುತ್ತದೆ. ಕೆಲವು ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು. ಇಷ್ಟೂ ಆಗಿ ಕಲೆ ಉಳಿದರೆ ವಿನೀರ್ ಮಾತು. ಹಲ್ಲಿನ ಮುಂದಿನ ಮೈಗೆ ಮಾತ್ರ ಅಂಟಿಸುವ ತೆಳು ಬಿಲ್ಲೆ ಅದು. ಮುಂದಿನ ಹಲ್ಲಿಗೆ ಪೂರ್ತಿ ಕ್ಯಾಪ್ ಅದರ ನಂತರದ್ದು.

ದವಡೆ ಹಲ್ಲಿನ ಲೆಕ್ಕ ಬೇರೆ. ಎಂಐಎಚ್ ಆಗಿ ಪುಡಿಯಾಗುತ್ತಿರುವ ಮಗುವಿನ ದವಡೆ ಹಲ್ಲಿಗೆ ಮೊದಲು ಗ್ಲಾಸ್ ಅಯಾನಮರ್ ಅನ್ನುವ ಸಿಮೆಂಟಿನಂಥ ಪದಾರ್ಥ ಮುಚ್ಚುತ್ತಾರೆ. ಜಾಸ್ತಿ ಪುಡಿಯಾಗಿದ್ದರೆ ಸ್ಟೀಲ್ ಕ್ಯಾಪ್ ಒಳ್ಳೆಯದು. ಅದಕ್ಕೆ ಹಲ್ಲನ್ನು ಬಹಳ ಕಡಿಮೆ ಅರೆಯಬೇಕಾಗುತ್ತದೆ, ಉಳಿದ ಹಲ್ಲು ಉಳಿಯುತ್ತದೆ. ಈ ಹಲ್ಲುಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯದೇ ಇರಬಹುದು. ಮಗು ನೋವು ಅಂದರೆ ನಂಬಿ. ತೀರಾ ಕೆಟ್ಟಿದ್ದರೆ ಎಂಟರಿಂದ ಹತ್ತು ವರ್ಷದ ನಡುವೆ ಯೋಚನೆ ಮಾಡಿ ತೆಗೆಸಿದರೆ, ಹಿಂದಿನ ಹಲ್ಲು ಮುಂದೆ ಬಂದು ಆ ಜಾಗ ತುಂಬಬಹುದು. ಅದಕ್ಕೆ ಎಕ್ಸ್‌ರೇ ಮತ್ತು ಹಲ್ಲು ಸಾಲು ಮಾಡುವ ಡಾಕ್ಟರ ಅಭಿಪ್ರಾಯ ಬೇಕು.

ಎಲ್ಲಿ ಕೇಳಬೇಕು, ಏನು ಕೇಳಬೇಕು

ಕಲಬುರಗಿಯಲ್ಲಿ ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆ, ಅಲ್-ಬದರ್ ಗ್ರಾಮೀಣ ದಂತ ಕಾಲೇಜು, ಇಎಸ್‌ಐಸಿ ದಂತ ಕಾಲೇಜು ಇವೆ. ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ದೊಡ್ಡವರಾದರೆ ಕನ್ಸರ್ವೇಟಿವ್ ವಿಭಾಗ, ಮಕ್ಕಳಾದರೆ ಪೀಡೊ ವಿಭಾಗ ಅಂತ ಚೀಟಿ ಮಾಡಿಸಿ. ಎಲ್ಲಿಗೇ ಹೋಗುವುದಿದ್ದರೂ ನಿಮಗೆ ಬೇಕಾದ ಸಾಮಾನು ಇದೆಯಾ ಅಂತ ಮುಂಚೆ ಫೋನ್ ಮಾಡಿ.

ಮೂರು ಪ್ರಶ್ನೆ ಕೇಳಲೇಬೇಕು. ನನ್ನ ಕಲೆ ಯಾವ ಜಾತಿಯದು? ಹಲ್ಲು ಎಷ್ಟು ಅರೆಯುತ್ತೀರಿ? ಇದಕ್ಕಿಂತ ಕಡಿಮೆ ಅರೆಯುವ ದಾರಿ ಇದೆಯಾ? ಶುರು ಮಾಡುವ ಮುಂಚೆ ಒಂದು ಫೋಟೊ ತೆಗೆಸಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಎಷ್ಟು ಇಳಿದಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಚಿಕ್ಕವರಿದ್ದರೆ

ಅಕ್ಕನ ಹಲ್ಲಿನಲ್ಲಿ ಫ್ಲೋರೋಸಿಸ್ ಇದ್ದು, ತಮ್ಮ ಇನ್ನೂ ಅದೇ ಬೋರಿನ ನೀರು ಕುಡಿಯುತ್ತಿದ್ದರೆ ಮೊದಲು ಆ ನೀರು ಪರೀಕ್ಷೆ ಮಾಡಿಸಿ. ನಮ್ಮ ದೇಶದ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ಸರ್ಕಾರಿ ನೀರಿನ ಲ್ಯಾಬಿಗೆ ಕಳಿಸುವ ದಾರಿ ಹೇಳುತ್ತಾರೆ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್ ಕೂಡ ತಡೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಅದರೊಳಗಿನ ಸೋಸುವ ಪೊರೆ (ಮೇಂಬ್ರೇನ್) ಹಳೆಯದಾಗದಂತೆ ನೋಡಿಕೊಳ್ಳಬೇಕು. ಮಳೆ ನೀರು, ಹೊಳೆ ನೀರಿನ ನಲ್ಲಿ ಇದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಇಡಿ. ಬಟ್ಟೆ, ಪಾತ್ರೆಗೆ ಬೋರಿನದು ನಡೆಯುತ್ತದೆ.

ಲಗ್ನ ಗೊತ್ತಾಗಿದ್ದರೆ

ಕನಿಷ್ಠ ಮೂರು ತಿಂಗಳು ಮುಂಚೆ ಬನ್ನಿ. ಸ್ವಚ್ಛ ಮಾಡಿಸಿ ಒಸಡು ಮಾಯಲು ಒಂದು ವಾರ, ಬ್ಲೀಚಿಂಗ್ ನಾಲ್ಕು ವಾರ, ಬಿಡುವು ಎರಡು ವಾರ, ಆಮೇಲೆ ಮೈಕ್ರೊಅಬ್ರೇಶನ್ ಅಥವಾ ಇನ್‌ಫಿಲ್ಟ್ರೇಶನ್, ಬೇಕಾದರೆ ಇನ್ನೊಂದು ಸಲ. ಅರಿಶಿನ ಹಚ್ಚುವ ವಾರ ಹಲ್ಲಿನ ಕೆಲಸ ಯಾವುದೂ ಬೇಡ. ಹತ್ತೇ ದಿನ ಉಳಿದಿದ್ದರೆ ಸ್ಕೇಲಿಂಗ್, ಪಾಲಿಶ್ ಮಾತ್ರ ಮಾಡಿಸಿ. ಉಳಿದದ್ದನ್ನು ಲಗ್ನ ಮುಗಿಸಿ ಬಂದ ಮೇಲೆ ಶುರು ಮಾಡೋಣ, ಕಲೆ ಎಲ್ಲಿಗೂ ಹೋಗುವುದಿಲ್ಲ. ಬರುವಾಗ ತಮ್ಮನನ್ನೂ ಕರೆತನ್ನಿ, ಅವನ ಹೊಸ ಹಲ್ಲುಗಳನ್ನೂ ಒಮ್ಮೆ ನೋಡಿಬಿಡೋಣ.